ಹಿರಿಯರ ಹೆಸರು, ಹೊಲದ ಕಾಗದ

ಅಣ್ಣ ತೀರಿಕೊಂಡ ಮೇಲೆ ಧಾರವಾಡ ಜಿಲ್ಲೆಯ ನಮ್ಮ ಊರಿನ ಹೊಲಕ್ಕೆ ವಾರಸುದಾರರ ಹೆಸರು ಹಚ್ಚಿಸಬೇಕಾಯಿತು. ಅದಕ್ಕೆ ವಂಶವೃಕ್ಷ ಬೇಕು. ಕೊಯಾಲಿಯಲ್ಲಿ ನಮ್ಮ ನೆರೆಯ ಗುಜರಾತಿ ಗೃಹಸ್ಥರು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿ, “ಇದು ನಮ್ಮ ಪೇಢೀನಾಮು ಅಲ್ಲವೆ? ತಲಾಠಿಯ ಹತ್ತಿರ ಮಾಡಿಸುತ್ತೇವೆ” ಎಂದರು. ತಲಾಠಿ ಎಂಬ ಶಬ್ದವನ್ನು ಕೇಳಿ ನನಗೆ ಊರಿನ ಚಾವಡಿಯೇ ಕಣ್ಣೆದುರು ನಿಂತಿತು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿಯೂ ಆತನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದೆವು. 1956ರವರೆಗೆ ಧಾರವಾಡವೂ ಅಹಮದಾಬಾದೂ ಸುರತವೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದವಷ್ಟೆ. ಬಡೋದೆಯ ಸಂಸ್ಥಾನವೂ 1949ರಲ್ಲಿ ಅದರಲ್ಲಿ ಕೂಡಿತು.

ಹಾಳೆಯ ಮೇಲೆ ಗಂಡಸರ ಹೆಸರುಗಳು ಸರಸರನೆ ಇಳಿದವು: ಮುತ್ತಜ್ಜ, ಅಜ್ಜ, ಅಪ್ಪ, ಅಣ್ಣ. ಆದರೆ ಮುತ್ತಜ್ಜನ ಮಗ್ಗುಲಲ್ಲಿ, ಅವನ ಹೆಂಡತಿಯ ಹೆಸರು ಬರೆಯುವಲ್ಲಿ, ಲೇಖನಿ ನಿಂತುಬಿಟ್ಟಿತು. ಕಾಕಾನ ಮಗನಿಗೆ ಫೋನು ಮಾಡಿದೆ, ಅವನಿಗೂ ಗೊತ್ತಿಲ್ಲ. ಮೂರು ತಲೆಮಾರಿನ ಹಿಂದೆ ನಮ್ಮ ಮನೆಯನ್ನು ಆಳಿದ ಹೆಣ್ಣುಮಗಳಿಗೆ ಹೆಸರೇ ಇಲ್ಲ! ಈ ಲೇಖನ ಹುಟ್ಟಿದ್ದು ಆ ಖಾಲಿ ಜಾಗದಿಂದ.

ಅಮೆರಿಕದಲ್ಲಿ ತಮ್ಮ ಕುಲದ ಮೂಲವನ್ನು ಹುಡುಕುವವರು ಮೊದಲು ಹೋಗುವುದು ಕೌಂಟಿ ಕಚೇರಿಯ ಹಳೆಯ ಮರಣಶಾಸನಗಳ ಕಡೆಗೆ. ಇಂಗ್ಲೆಂಡಿನಿಂದ ಹೋಗಿ ನೆಲೆಸಿದ ಒಕ್ಕಲಿಗನೊಬ್ಬ ಸಾಯುವ ಮುಂಚೆ, ಹಿರಿಯ ಮಗನಿಗೆ ಇಷ್ಟು ಭೂಮಿ, ಇಂಥವನ ಹೆಂಡತಿಯಾದ ನನ್ನ ಮಗಳಿಗೆ ಒಂದು ಹಾಸಿಗೆ, ಒಂದು ಆಕಳು ಎಂದು ಬರೆಸುತ್ತಿದ್ದ. ಆ ಒಂದು ಸಾಲಿನಿಂದಲೇ ಮಗಳು ಯಾವ ಮನೆ ಸೇರಿದಳೆಂಬುದು ಇಂದಿಗೂ ತಿಳಿಯುತ್ತದೆ. ಇದರ ಕಹಿಯಾದ ಮಗ್ಗುಲೂ ಉಂಟು. ಜಾರ್ಜ್ ವಾಷಿಂಗ್ಟನ್ನರು 1799ರಲ್ಲಿ ಮರಣಶಾಸನ ಬರೆದಾಗ, ಅವರ ಮೌಂಟ್ ವರ್ನನ್ ಜಮೀನಿನಲ್ಲಿ ದುಡಿಯುತ್ತಿದ್ದ 317 ಗುಲಾಮರ ಪಟ್ಟಿಯೂ ಸಿದ್ಧವಾಗಿತ್ತು. ಗಂಡ ಯಾರು, ಹೆಂಡತಿ ಯಾರು, ಮಕ್ಕಳು ಯಾರು ಎಂದು ಅದರಲ್ಲಿ ಬರೆದದ್ದು ಆ ಜನರ ಮೇಲಿನ ಅಕ್ಕರೆಯಿಂದಲ್ಲ, ಅವರೂ ಆಸ್ತಿಯೆಂಬ ಕಾರಣದಿಂದ. ಆದರೂ ಇಂದು ಕರಿಯ ಜನಾಂಗದ ಎಷ್ಟೋ ಕುಟುಂಬಗಳಿಗೆ ತಮ್ಮ ಹಿರಿಯರ ಹೆಸರು ಸಿಗುವುದು ಒಡೆಯರ ಇಂಥ ಕಾಗದಗಳಲ್ಲಿ ಮಾತ್ರವೇ.

ನಮ್ಮಲ್ಲಿ ಇಂಥ ಮರಣಶಾಸನಗಳು ಏಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ಕೊಡತಕ್ಕವನು ಒಬ್ಬ ಕನ್ನಡ ನಾಡಿನವನೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಅವನು ಪಟ್ಟಕ್ಕೆ ಬಂದದ್ದು 1076ರಲ್ಲಿ) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದು ತಂದೆ ಸತ್ತಾಗ ಅಲ್ಲ, ತಾನು ಹುಟ್ಟಿದಾಗಲೇ ಎಂದು ಅವನು ವಾದಿಸಿದನು. ಹುಟ್ಟಿನಿಂದಲೇ ಹಕ್ಕುಳ್ಳವನಿಗೆ ತಂದೆಯ ಮರಣಪತ್ರದ ಗೊಡವೆ ಏಕೆ? ತಂದೆಗಾದರೂ ಎಲ್ಲರಿಗೂ ಸೇರಿದ್ದನ್ನು ಬರೆದುಕೊಡುವ ಅಧಿಕಾರ ಎಲ್ಲಿದೆ? ಬಂಗಾಲದಲ್ಲಿ ದಾಯಭಾಗವು ಬೇರೆ ಮಾತು ಹೇಳಿತು. ಇಲ್ಲಿ ಗುಜರಾತಿನಲ್ಲಿ ಮಿತಾಕ್ಷರದ ಜೊತೆಗೆ ನೀಲಕಂಠನ ವ್ಯವಹಾರ ಮಯೂಖವನ್ನೂ ಹಿಡಿದು, ಎರಡಕ್ಕೂ ಭೇದ ಬಂದಲ್ಲಿ ಮಯೂಖಕ್ಕೆ ಮನ್ನಣೆ ಕೊಡುತ್ತಿದ್ದರು. ಉಳಿದಂತೆ ಹಿಂದುಸ್ಥಾನದ ಬಹುಭಾಗದ ಮನೆಗಳು ಪಾಲಾದದ್ದು ಕಲ್ಯಾಣದಲ್ಲಿ ಹೊರಬಿದ್ದ ಆ ಗ್ರಂಥದ ಮಾತಿನಂತೆ. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಕೋರ್ಟುಗಳೂ ಅದನ್ನೇ ಹಿಡಿದವು. ಮೃತ್ಯುಪತ್ರವೆಂಬುದು ನಮ್ಮ ಹಳ್ಳಿಗಳಿಗೆ ಬಹಳ ತಡವಾಗಿ ಬಂದ ವಸ್ತು. ಅದು ಬರವಣಿಗೆಯಲ್ಲಿರಬೇಕು, ಇಬ್ಬರು ಸಾಕ್ಷಿಗಳಿರಬೇಕು ಎಂಬ ನಿಯಮ ಎಲ್ಲ ಕಡೆಯ ಹಿಂದೂಗಳಿಗೂ ಅನ್ವಯವಾದದ್ದು 1927ರ ಜನವರಿ 1ರಿಂದ.

ಆದುದರಿಂದ ನಮ್ಮ ಹಿರಿಯರ ಹೆಸರನ್ನು ಮರಣಪತ್ರದಲ್ಲಿ ಹುಡುಕಿ ಫಲವಿಲ್ಲ. ದಾನ, ದತ್ತಕ, ವಾಟಣಿ, ತಂಟೆ, ಈ ನಾಲ್ಕು ಸಂದರ್ಭಗಳಲ್ಲಿ ಹುಡುಕಬೇಕು.

ದಾನದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ನಾವು ಅನ್ನ ತಿನ್ನುತ್ತಿರುವ ಈ ಬಡೋದೆಯ ಹೆಸರು ದಾಖಲೆಗೆ ಬಂದದ್ದೇ ಕನ್ನಡದ ಅರಸುಮನೆತನದ ಒಂದು ದಾನಪತ್ರದಲ್ಲಿ. ರಾಷ್ಟ್ರಕೂಟ ಮೂರನೆಯ ಗೋವಿಂದನು ತನ್ನ ತಮ್ಮ ಇಂದ್ರನಿಗೆ ಲಾಟ ದೇಶವನ್ನು, ಎಂದರೆ ದಕ್ಷಿಣ ಗುಜರಾತನ್ನು, ಒಪ್ಪಿಸಿದ್ದನು. ಇಂದ್ರನ ಮಗ ಕರ್ಕ ಸುವರ್ಣವರ್ಷನು ಶಕ 734ರಲ್ಲಿ, ಎಂದರೆ 812ರ ಸುಮಾರಿಗೆ, ವಲಭಿಯಿಂದ ಬಂದ ಒಬ್ಬ ಬ್ರಾಹ್ಮಣನಿಗೆ ವಡಪದ್ರಕವೆಂಬ ಗ್ರಾಮವನ್ನು ಕೊಟ್ಟನು. ಆ ವಡಪದ್ರಕವೇ ಇಂದಿನ ವಡೋದರಾ. ಗ್ರಾಮದ ಪಶ್ಚಿಮದ ಎಲ್ಲೆಯಾಗಿ ಹೇಳಿದ ಅಂಕೋಟ್ಟಕವು ಇಂದು ನಾವು ಬಸ್ಸಿನಲ್ಲಿ ದಾಟಿಹೋಗುವ ಅಕೋಟಾ. ಈ ಕರ್ಕನೇ ಮುಂದೆ ಬಾಲಕನಾಗಿ ಪಟ್ಟವೇರಿದ ಅಮೋಘವರ್ಷ ನೃಪತುಂಗನಿಗೆ ಆಸರೆಯಾಗಿ ನಿಂತವನು.

ಇಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದು. ತಾಮ್ರಪಟದ ಮೂಲ ಉದ್ದೇಶ ಒಂದು ಹಳ್ಳಿಯನ್ನು ಕೊಡುವುದು. ಆದರೆ ಕೊಡುವುದಕ್ಕೆ ಮುಂಚೆ ‘ನಾನು ಯಾರು’ ಎಂದು ಹೇಳಬೇಕು. ಆದುದರಿಂದ ಅರಸನ ಅಜ್ಜ ಮುತ್ತಜ್ಜಂದಿರೆಲ್ಲರೂ ಶ್ಲೋಕಗಳಲ್ಲಿ ಸಾಲಾಗಿ ಬರುತ್ತಾರೆ. ರಾಷ್ಟ್ರಕೂಟರ ವಂಶಾವಳಿಯನ್ನು ಇತಿಹಾಸಕಾರರು ಕಟ್ಟಿದ್ದು ಬಹುಪಾಲು ಇಂಥ ಹೊಲ-ಹಳ್ಳಿಗಳ ಪತ್ರಗಳಿಂದಲೇ. ಅಮೋಘವರ್ಷನು 871ರಲ್ಲಿ ಬರೆಸಿದ ತಾಮ್ರಪಟ ಸಿಕ್ಕಿದ್ದು ಈಗಿನ ವಲಸಾಡ ಜಿಲ್ಲೆಯ ಸಂಜಾನಿನಲ್ಲಿ. ಅವನ ಪೂರ್ವಜನಾದ ಇಂದ್ರರಾಜನೊಬ್ಬನು ಖೇಟಕದ ಮದುವೆಯ ಹಂದರದಿಂದ ಚಾಲುಕ್ಯರಾಜನ ಮಗಳನ್ನು ರಾಕ್ಷಸವಿಧಿಯಿಂದ ಎತ್ತಿ ತಂದನೆಂದು ಅದು ಹೇಳುತ್ತದೆ. ರಾಷ್ಟ್ರಕೂಟ ಸಾಮ್ರಾಜ್ಯವನ್ನು ಕಟ್ಟಿದ ದಂತಿದುರ್ಗನ ತಾಯಿ ಆಕೆ. ಖೇಟಕವೆಂದರೆ ನಾವು ಅಹಮದಾಬಾದಿಗೆ ಹೋಗುವಾಗ ಸಿಗುವ ಖೇಡಾ. ಊರಿನಿಂದ ಇಷ್ಟು ದೂರ ಬಂದೆವಲ್ಲ ಎಂದು ಕೊರಗುವವರು ಆ ದಾರಿಯಲ್ಲಿ ಹೋಗುವಾಗ ಇದನ್ನೊಮ್ಮೆ ನೆನೆಯಬಹುದು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಕನ್ನಡದ ಅತಿ ಹಳೆಯ ಬರಹಗಳಲ್ಲೊಂದೆಂದು ನಾವು ಪ್ರತಿ ರಾಜ್ಯೋತ್ಸವದಲ್ಲಿಯೂ ಕೊಂಡಾಡುತ್ತೇವೆ. ಅದಾದರೂ ಏನು? ಕಾದಿ ಗೆದ್ದ ವೀರನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಕಾಗದವೇ, ಕಲ್ಲಿನ ಮೇಲೆ!

ಇನ್ನು ದತ್ತಕ. ಒಂದು ದತ್ತಕಪತ್ರಕ್ಕಾಗಿ ರಕ್ತ ಹರಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅದು ಕಾಗದದ ಜಗಳವೆಂಬುದನ್ನು ನಾವು ಮರೆಯುತ್ತೇವೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ ಥ್ಯಾಕರೆಯ ಕೈಸೇರಿತು. ಸಹಿ ನಿಜವೇ, ಸಾಯುವ ಮುಂಚೆ ಹಾಕಿದ್ದೇ ಎಂದು ಆತ ಸಂಶಯ ತೆಗೆದು ಬೊಕ್ಕಸಕ್ಕೆ ಬೀಗಮುದ್ರೆ ಹಾಕಿಸಿದನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಆತನೇ ಗುಂಡಿಗೆ ಬಲಿಯಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಮುಂದೆ ನರಗುಂದದ ಬಾಬಾಸಾಹೇಬನ 1858ರ ಬಂಡಾಯದ ಬೇರಿನಲ್ಲಿಯೂ ದತ್ತಕಕ್ಕೆ ಅನುಮತಿ ಸಿಗದ ಸಿಟ್ಟೇ ಇತ್ತು.

ಇದೇ ಕಾಲದಲ್ಲಿ ಇನಾಂ ಕಮಿಶನ್ ಬಂತು. 1852ರ ಕಾಯಿದೆಯಂತೆ ಇನಾಂ ಹೊಲ ಉಣ್ಣುವ ಪ್ರತಿಯೊಬ್ಬನೂ ತನ್ನ ಸನದು ತೋರಿಸಬೇಕು; ಮೊದಲು ಪಡೆದವನಿಂದ ತನ್ನವರೆಗೆ ವಂಶಾವಳಿಯನ್ನು ಬರೆದುಕೊಡಬೇಕು. ಸುಮಾರು 35,000 ಹಿಡುವಳಿಗಳ ವಿಚಾರಣೆ ನಡೆದು, ಅರ್ಧಕ್ಕಿಂತ ಹೆಚ್ಚಿನವು ಕೈಬಿಟ್ಟವೆಂದು ಇತಿಹಾಸಗ್ರಂಥಗಳು ಹೇಳುತ್ತವೆ. ಎಷ್ಟು ಮನೆಗಳು ಹಾಳಾದವೋ! ಆದರೆ ಹೊಲ ಕಳೆದುಕೊಂಡವನ ವಂಶಾವಳಿ ದಫ್ತರದಲ್ಲಿ ಉಳಿಯಿತು. ಪುಣೆಯ ಪೇಶ್ವೆ ದಫ್ತರದಲ್ಲಿ ಬೆಳಗಾವಿ-ಧಾರವಾಡಗಳ ಕಾಗದಗಳೂ ಇವೆ, ಗುಜರಾತಿನವೂ ಇವೆ. ಅವನ್ನು ಓದಲು ಮಾತ್ರ ಮೋಡಿ ಲಿಪಿ ಬಲ್ಲವರು ಬೇಕು. ಕನ್ನಡದ ಮನೆತನದ ಕಥೆ ಮರಾಠಿ ಮಾತಿನಲ್ಲಿ, ಮೋಡಿಯ ತಿರುವುಗಳಲ್ಲಿ ಅಡಗಿ ಕೂತಿದೆ.

ಕಾಗದವಿಲ್ಲದ ಮನೆಗಳಿಗೆ ನಮ್ಮ ಕಡೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ ಕಾಳು ಪಡೆದು ಹೋಗುವರು. ಇಲ್ಲಿಯ ವಹೀವಂಚಾ ಬಾರೋಟರು ಅವರ ಅಣ್ಣತಮ್ಮಂದಿರೇ ಸರಿ. ಯಜಮಾನರ ಮನೆಗಳ ಹೆಸರನ್ನು ವಹಿಯಲ್ಲಿ ಬರೆದು ಓದುವವರು. ಅವರನ್ನು ಕುರಿತ ಶಾಸ್ತ್ರೀಯ ಅಧ್ಯಯನವೊಂದು 1958ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಎ. ಎಂ. ಶಾ ಮತ್ತು ಆರ್. ಜಿ. ಶ್ರಾಫ್. ಅದಕ್ಕೆ ಮುನ್ನುಡಿ ಬರೆದವರು ಆಗ ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮೈಸೂರಿನ ಎಂ. ಎನ್. ಶ್ರೀನಿವಾಸರು. ನಮ್ಮ ಸಂಘದ ಹುಡುಗರು ಇದನ್ನು ತಿಳಿದಿರಬೇಕು. ಹೆಳವನಾಗಲಿ ಬಾರೋಟನಾಗಲಿ ಹೇಳಿದ್ದೆಲ್ಲ ಸತ್ಯವೆಂದಲ್ಲ. ಮೂಲಪುರುಷನು ಸಾಮಾನ್ಯವಾಗಿ ದೇವರೋ ಅರಸನೋ ಆಗಿರುತ್ತಾನೆ! ಈಚಿನ ಐದಾರು ತಲೆಗಳ ಮಟ್ಟಿಗೆ ಮಾತ್ರ ಅವರ ಮಾತನ್ನು ತೂಗಿ ನೋಡಬಹುದು.

ನಮ್ಮ ನಡುವಿನ ಮಂಗಳೂರು, ಉಡುಪಿ, ಕಾಸರಗೋಡಿನ ಬಂಧುಗಳು ಇಲ್ಲಿಯವರೆಗೆ ಓದಿ ನಗುತ್ತಿರಬಹುದು. ಅಳಿಯಸಂತಾನದ ಮನೆಗಳಲ್ಲಿ ಹಕ್ಕು ಇಳಿಯುವುದು ತಾಯಿಯ ಬಳ್ಳಿಯಲ್ಲಿ. ಅಲ್ಲಿ ಕವರಿನ ಮೂಲ ಒಬ್ಬ ಹೆಂಗಸು. ಅವರ ಪಾಲುಪತ್ರದಲ್ಲಿ ಅಜ್ಜಿಯ ಅಜ್ಜಿಯ ಹೆಸರು ಸ್ಪಷ್ಟವಾಗಿರುತ್ತದೆ. ಖಾಲಿ ಜಾಗ ಬೀಳುವುದು ಗಂಡಂದಿರ ಕಡೆಗೆ.

ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಹಾಗಲ್ಲ. ಸರಕಾರಿ ಬರವಣಿಗೆಯಲ್ಲಿ ಎರಡು ಪುಟ್ಟ ಶಬ್ದಗಳಿವೆ, ಬಿನ್ ಮತ್ತು ಕೋಂ. ಇಂಥವ ಬಿನ್ ಇಂಥವ ಎಂದರೆ ಮಗ; ಇಂಥವಳು ಕೋಂ ಇಂಥವ ಎಂದರೆ ಹೆಂಡತಿ. ಬಿನ್ ಹಿಡಿದು ಹತ್ತುತ್ತ ಹೋದರೆ 1903ರ ಹಕ್ಕುದಾಖಲೆಯ ಕಾಯಿದೆಯ ಕಾಲದವರೆಗೆ ಚಾವಡಿಯ ಪುಸ್ತಕಗಳಲ್ಲಿಯೇ ದಾರಿ ಸಿಗುತ್ತದೆ. ಯಾರ ತರುವಾಯ ಯಾರ ಹೆಸರು ಬಂತು, ಏಕೆ ಬಂತು ಎಂದು ಅದರಲ್ಲಿ ನಮೂದು ಇರುತ್ತದೆ. ಕೋಂ ಎಂಬುದು ಮಾತ್ರ ಅಪರೂಪ. ಗಂಡ ಸತ್ತು, ಮಕ್ಕಳು ಸಣ್ಣವರಿದ್ದಾಗ, ಇಲ್ಲವೆ ಮಕ್ಕಳೇ ಇಲ್ಲದಾಗ ಅವಳು ಕಾಗದಕ್ಕೆ ಬರುವಳು. 1937ರ ಕಾಯಿದೆಯು ವಿಧವೆಗೆ ಗಂಡನ ಪಾಲಿನಲ್ಲಿ ಜೀವಿತಕಾಲದ ಹಕ್ಕು ಕೊಟ್ಟ ಮೇಲೆ ಅವಳ ಹೆಸರು ತುಸು ಹೆಚ್ಚಾಗಿ ಕಾಣುತ್ತದೆ. ಕೂಲಿ ಮಾಡಿ ಬದುಕಿದ, ಗೇಣು ಹೊಲವೂ ಇಲ್ಲದ ಮನೆಯವರಿಗೆ ಈ ಪುಸ್ತಕಗಳಲ್ಲಿ ಬಿನ್ ಕೂಡ ಇಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ನಾನು ಊರಿಗೆ ಹೋದೆ. ಮಾಡದ ಮೇಲಿನ ಟ್ರಂಕಿನಲ್ಲಿ ಅಜ್ಜ ಮತ್ತು ಅವನ ಅಣ್ಣತಮ್ಮಂದಿರ ವಾಟಣಿಪತ್ರ ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು. ನಡುವೆ ಅಕ್ಷರ ಚೆನ್ನಾಗಿತ್ತು. ಹೊಲ, ಹಿತ್ತಲು, ಭಾವಿಯ ನೀರಿನ ಪಾಳಿ, ತಾಮ್ರದ ಹಂಡೆ ಎಲ್ಲವೂ ಇದ್ದವು. ಕೊನೆಯಲ್ಲಿ ‘ನಮ್ಮ ತಾಯಿಯವರ ಪೋಟಗಿಗೆ ಎರಡು ಕೂರಿಗೆ ಹೊಲ’ ಎಂದಿತ್ತು. ನಮ್ಮ ತಾಯಿಯವರು! ಹಂಡೆಗೆ ತೂಕ ಬರೆದ ಮಕ್ಕಳು ತಾಯಿಗೆ ಹೆಸರು ಬರೆದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತು. ಗದಗಿನಲ್ಲಿ ನಮ್ಮ ಸೋದರತ್ತೆ ಇದ್ದಾಳೆ, ತೊಂಬತ್ತರ ಹತ್ತಿರದವಳು. “ಆಕೀ ಹೆಸರು ವಂಶವೃಕ್ಷದಾಗ ಹಾಕಬ್ಯಾಡ. ಕೊಟ್ಟ ಹೆಣ್ಣು, ಸುಮ್ಮನ ಸಹಿಗೆ ತಿರುಗಾಡೂದಾಗತೈತಿ” ಎಂದು ಕಾಕಾನ ಮಗ ಹೇಳಿದ. ಬಹಳ ಮನೆಗಳಲ್ಲಿ ನಡೆಯುವುದು ಹೀಗೆಯೇ. ಆದರೆ ಅಜ್ಜ ತೀರಿದ್ದು 1961ರಲ್ಲಿ. ಮಗಳಿಗೂ ಮಗನೊಡನೆ ವಾರಸುಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿಯೇ ಬಂದಿತ್ತು. ಹುಟ್ಟಿನಿಂದಲೇ ಮಗನ ಸಮಾನ ಹಕ್ಕು ಮಗಳಿಗೂ ಸಿಕ್ಕಿದ್ದು ಮುಂದೆ, ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅತ್ತೆಯ ಮಟ್ಟಿಗೆ ಅಷ್ಟು ದೂರ ಬರಬೇಕಾಗಿರಲಿಲ್ಲ. ಅರವತ್ತು ವರ್ಷಗಳ ಹಿಂದೆಯೇ ಬರೆಯತಕ್ಕ ಹೆಸರನ್ನು ನಾವು ಬರೆದಿರಲಿಲ್ಲ, ಅಷ್ಟೆ.

ಗದಗಿಗೆ ಹೋಗಿ ಅತ್ತೆಯ ಮಂಚದ ಬಳಿ ಕೂತು ಹಾಳೆ ಬಿಡಿಸಿದೆ.

“ಇದರಾಗ ನನ್ನ ಹೆಸರು ಬರದೀಯೇನೋ ತಮ್ಮಾ?”

“ಬರದೇನಿ ಅತ್ತಿ. ಅಜ್ಜನ ಕೆಳಗ, ಅಪ್ಪನ ಮಗ್ಗಲದಾಗ.”

ಆಕೆ ಬೆರಳಿಟ್ಟು ಮೇಲಿನ ಖಾಲಿ ಜಾಗವನ್ನು ತೋರಿಸಿದಳು. “ಇದು ಯಾಕ ಹಂಗs ಬಿಟ್ಟೀ?”

“ಅಜ್ಜನ ಅವ್ವನ ಹೆಸರು ಯಾರಿಗೂ ಗೊತ್ತಿಲ್ಲತ್ತಿ.”

“ಗೊತ್ತಿಲ್ಲಂದ್ರ? ಆಕಿ ಸತ್ತ ವರ್ಷ ನಾ ಹುಟ್ಟೀನಿ. ಆಕೀ ಹೆಸರs ನನಗಿಟ್ಟಾರ. ಅದನ್ನs ಎರಡು ಸಲ ಬರಿ.”

ಬರೆದೆ.