ಆಚಾರ್ಯ ಬಿ. ಎಂ. ಶ್ರೀಕಂಠಯ್ಯ (1884–1946)

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ಆಂಗ್ಲ ಸಾಹಿತ್ಯವನ್ನು ಬೋಧಿಸುತ್ತ, ಆ ಕಾವ್ಯದ ಚೆಲುವು ತಮ್ಮ ನುಡಿಗೂ ಸಲ್ಲಬೇಕೆಂಬ ಹಂಬಲವನ್ನು ಎದೆಯಲ್ಲಿ ಹೊತ್ತಿದ್ದ ಶ್ರೀಕಂಠಯ್ಯನವರು, 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವಿತ್ತು, ಅಂದು ನುಡಿದುದನ್ನು ಮುಂದೆ ಸ್ವತಃ ನಡೆಸಿ ತೋರಿದರು.

ಬಹುಮಟ್ಟಿಗೆ ಅನುವಾದಗಳಿಂದಲೇ ಕೂಡಿದ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ವಿಸ್ತೃತ ರೂಪದಲ್ಲಿ ಪ್ರಕಟವಾಯಿತು. ಶತಮಾನಗಳಿಂದ ಪದ್ಯಕ್ಕೆ ಅನಿವಾರ್ಯವೆಂದು ಭಾವಿಸಲಾಗಿದ್ದ ಆದಿಪ್ರಾಸವನ್ನು ಕವಿ ಗೋವಿಂದ ಪೈಗಳು ಅದಾಗಲೇ ತ್ಯಜಿಸಿದ್ದರು, ನಿಜ. ಆದರೆ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ನಾನಾ ವಿಧವಾಗಿ ಹೊಂದಿಸಿ, ಸಾಲುಗಳ ಉದ್ದವನ್ನು ಭಾವಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ, ಅಂತ್ಯಪ್ರಾಸದಿಂದ ಪದ್ಯಗಳನ್ನು ಬಿಗಿದು, ಒಂದು ತಲೆಮಾರಿನ ಕವಿಗಳಿಗೆಲ್ಲ ಒದಗುವ ನೂತನ ಛಂದೋಮಾರ್ಗವನ್ನು ನಿರ್ಮಿಸಿದ ಶ್ರೇಯಸ್ಸು ಈ ಪುಟ್ಟ ಸಂಕಲನದ್ದೇ. ಕಾರ್ಡಿನಲ್ ನ್ಯೂಮನ್ 1833ರಲ್ಲಿ ಮೆಡಿಟರೇನಿಯನ್ ಸಮುದ್ರಯಾನದಲ್ಲಿ ರಚಿಸಿದ ಕ್ರೈಸ್ತ ಸ್ತೋತ್ರವು ಶ್ರೀಕಂಠಯ್ಯನವರ ಲೇಖನಿಯಲ್ಲಿ ‘ಪ್ರಾರ್ಥನೆ’ಯಾಗಿ, ಮೂಲವನ್ನರಿಯದ ಅಸಂಖ್ಯ ಮಕ್ಕಳ ಕಂಠದಲ್ಲಿ ಶಾಲೆಶಾಲೆಗಳಲ್ಲಿ ಮೊಳಗಿತು. ಅನುವಾದಕ್ಕೆ ಇದಕ್ಕಿಂತ ಮಿಗಿಲಾದ ಸಾರ್ಥಕ್ಯವುಂಟೆ?

ಸೊಫೋಕ್ಲಿಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಮರುಸೃಷ್ಟಿಸುವಾಗ, ಪುರಾಣವು ಚಿರಂಜೀವಿಯೆಂದು ಸಾರಿದವನಿಗೆ ಮರಣವನ್ನು ವಿಧಿಸಿ ಸಂಪ್ರದಾಯನಿಷ್ಠರ ಆಕ್ಷೇಪಕ್ಕೆ ಗುರಿಯಾದರು. ಗ್ರೀಕ್ ದುರಂತದ ಗಾಂಭೀರ್ಯವನ್ನು ಕನ್ನಡಿಗರಿಗೆ ಕಾಣಿಸಲು ಆ ಧೈರ್ಯ ಅಗತ್ಯವಾಗಿತ್ತು. ಕನ್ನಡ ಛಂದಸ್ಸು ಮತ್ತು ಸಾಹಿತ್ಯಚರಿತ್ರೆಗಳಲ್ಲಿಯೂ ಅವರ ಪಾಂಡಿತ್ಯ ಆಳವಾದುದು.

1928ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ, ‘ಶ್ರೀ’ ಎಂದೇ ಹೆಸರಾದ ಶ್ರೀಕಂಠಯ್ಯನವರು 1946ರ ಜನವರಿಯಲ್ಲಿ ಧಾರವಾಡದಲ್ಲಿ ನಿಧನರಾದರು.