ಪ್ರವಾಸದ ಪಟ್ಟಿಯಲ್ಲಿದ್ದ ವಿಧಾನಸೌಧ

ಹತ್ತನೆಯ ತರಗತಿಯ ಪ್ರವಾಸ ಬೆಂಗಳೂರಿಗೆ ಎಂದು ಗೊತ್ತಾದ ದಿನ ಸಮಾಜ ವಿಜ್ಞಾನದ ಗುರುಗಳು ಹಲಗೆಯ ಮೇಲೆ ನೋಡುವ ಸ್ಥಳಗಳನ್ನೂ ಇಸವಿಗಳನ್ನೂ ಬರೆದರು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್, 1791ರ ಟಿಪ್ಪು ಅರಮನೆ, 1868ರ ಅಠಾರಾ ಕಚೇರಿ, 1956ರ ವಿಧಾನಸೌಧ. ನಮ್ಮಲ್ಲಿ ಹೆಚ್ಚಿನವರು ಬೆಂಗಳೂರನ್ನು ಕಂಡವರೇ ಅಲ್ಲ.

ಈ ಪಟ್ಟಿಯಲ್ಲಿ ಧಾರವಾಡ ಸೀಮೆಯ ನಮಗೆ ನೇರವಾಗಿ ಸಂಬಂಧಿಸಿದ್ದು ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಇಟ್ಟಾಗ ಅದು ನಮ್ಮದಾಗಿರಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು; ಅಜ್ಜಂದಿರಿಗೆ ರಾಜಧಾನಿಯೆಂದರೆ ಮುಂಬಯಿ. ಮರುವರ್ಷ ಮೈಸೂರಿನ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆ ಬದಲಿಸಿ ಕಟ್ಟಡವನ್ನು ಇನ್ನಷ್ಟು ಭವ್ಯಗೊಳಿಸಿದರು. ಹಳೆ ಮೈಸೂರಿನ ಹಲವು ಮುಖಂಡರು ಏಕೀಕರಣವನ್ನು ವಿರೋಧಿಸಿದಾಗ ಅವರು ಪರವಾಗಿ ನಿಂತರು. ನನಗೆ ಆ ಕಲ್ಲಿನ ಕಂಬಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. 1956ರ ನವೆಂಬರ್ 1ರಂದು ನಾವೂ ಆ ರಾಜ್ಯಕ್ಕೆ ಸೇರಿದೆವು.

ಪ್ರವಾಸದವರು ವಿಧಾನಸೌಧವನ್ನು ಸಂಜೆಯ ದೀಪಕ್ಕೆಂದು ಕೊನೆಗೆ ಇಡುತ್ತಾರೆ. ಅಷ್ಟರಲ್ಲಿ ಅರ್ಧ ಬಸ್ಸು ನಿದ್ದೆ ಹೋಗಿರುತ್ತದೆ! ಮುಂದಿನ ತಂಡ ಬೆಳಿಗ್ಗೆಯೇ ಅಲ್ಲಿಗೆ ಹೋಗಲಿ. ಹೊರಡುವ ಮೊದಲು ಮಕ್ಕಳು ಮನೆಯ ಹಿರಿಯರನ್ನು, ನಿಮ್ಮ ಕಾಲದಲ್ಲಿ ರಾಜಧಾನಿ ಯಾವುದಿತ್ತು ಎಂದು ಕೇಳಿಕೊಂಡು ಬರಲಿ.