ಒಮ್ಮೆ ಹಾಕಿಸಿದರೆ ಸಾಲದ ಸೂಜಿ

ಮುಂಗಾರು ಹಿಡಿದು ತುಂಗಭದ್ರೆಯ ಕಾಲುವೆಗಳಿಗೆ ನೀರು ಬಂತೆಂದರೆ ಸಿರುಗುಪ್ಪ, ಕುರುಗೋಡು ಸೀಮೆಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಸಡಗರ. ಅದರ ಬೆನ್ನಿಗೇ ನೆಗಡಿ, ಕೆಮ್ಮು, ಮೈಕೈ ನೋವಿನ ಜ್ವರವೂ ಮನೆಮನೆಗೆ ಬರುತ್ತದೆ. ವಯಸ್ಸಾದವರು, ಗರ್ಭಿಣಿಯರು, ಉಬ್ಬಸ ಇಲ್ಲವೇ ಸಕ್ಕರೆ ಕಾಯಿಲೆ ಇರುವವರು ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. 'ಹೋದ ವರ್ಷ ಸೂಜಿ ಮಾಡಿಸಿಕೊಂಡಿದ್ನೆಲ್ರೀ, ಮತ್ಯಾಕ?' ಎಂದು ಯಾರಾದರೂ ಕೇಳಿದರೆ ಅಚ್ಚರಿಯೇನಿಲ್ಲ. ಆ ಪ್ರಶ್ನೆಯ ಹಿಂದೆ ಇನ್ನೂರು ವರ್ಷಗಳ ಇತಿಹಾಸವೇ ಇದೆ.

ನಮ್ಮ ಜನಕ್ಕೆ ಮೊದಲು ಪರಿಚಯವಾದ ಲಸಿಕೆ ಸಿಡುಬಿನದು. ಸಿಡುಬೆಂದರೆ ದೇವಿ ಬಂದಳು, ಅಮ್ಮ ಬಂದಳು ಎಂದು ನಂಬಿದ್ದ ಕಾಲ ಅದು. ಆದ್ದರಿಂದಲೇ ಲಸಿಕೆ ಹಾಕಿಸುವುದಕ್ಕೂ 'ದೇವಿ ಹಾಕಿಸುವುದು' ಎಂಬ ಹೆಸರು ಬಂತು. 'ದಾಕು' ಎಂಬ ಮಾತೂ ಬಳಕೆಯಲ್ಲಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಈ ಲಸಿಕೆ ಬಾಗ್ದಾದ್, ಬಸ್ರಾಗಳ ದಾರಿಯಲ್ಲಿ ಬೊಂಬಾಯಿ ತಲುಪಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು ಅದನ್ನು ಪಡೆಯಿತು. ಭಾರತದಲ್ಲಿ ಮೊದಲು ಲಸಿಕೆ ಪಡೆದದ್ದು ಈ ಮಗುವೇ. ಆಗ ಶೀತಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಚ್ಚುತ್ತಾ ಊರಿಂದೂರಿಗೆ ಒಯ್ಯಬೇಕಿತ್ತು.

ಮಡಿ, ಮೈಲಿಗೆ, ಜಾತಿಗಳ ಸಮಾಜದಲ್ಲಿ ಅದಕ್ಕೆ ತೋಳು ಒಡ್ಡುವವರು ಯಾರು? ಮೈಸೂರಿನ ಅರಮನೆಯೇ ಮುಂದೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದನೆನ್ನಲಾದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಆಕೆ ತೋರಿಸುತ್ತಿರುವುದು ದಾಕಿನ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ.

ಬಳ್ಳಾರಿಯ ಕಥೆ ಬೇರೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಈ ಜಿಲ್ಲೆ 1953ರವರೆಗೂ ಮದರಾಸಿಗೆ ಸೇರಿತ್ತು. ಆ ಪ್ರಾಂತ್ಯದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದು 1899ರಲ್ಲಿ ಸ್ಥಾಪನೆಯಾದ ಗಿಂಡಿಯ ಕಿಂಗ್ ಸಂಸ್ಥೆಯಲ್ಲಿ. ಸಿಡುಬಿನ ವೈರಾಣು ತನ್ನ ಸ್ವರೂಪವನ್ನು ಬದಲಿಸುತ್ತಿರಲಿಲ್ಲ. ಒಮ್ಮೆ ಹಾಕಿಸಿದ ದಾಕು ಹಲವು ವರ್ಷ ಕಾಯುತ್ತಿತ್ತು. 1975ರಲ್ಲಿ ಭಾರತದಿಂದ ಕಾಲ್ತೆಗೆದ ಸಿಡುಬು, 1980ರ ಹೊತ್ತಿಗೆ ಜಗತ್ತಿನಲ್ಲೇ ಇಲ್ಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹಿರಿಯರ ತೋಳಿನ ಕಲೆ ಈ ಗೆಲುವಿನ ಗುರುತು.

ಫ್ಲೂ ಅಷ್ಟು ಸುಲಭದ ವೈರಿಯಲ್ಲ. 1918ರ ಬೇಸಿಗೆಯಲ್ಲಿ ಬೊಂಬಾಯಿಗೆ ಬಂದಿಳಿದ ಇನ್‌ಫ್ಲುಯೆಂಜಾ ಮೊದಲು ಸಾಧಾರಣ ಜ್ವರದಂತೆಯೇ ಕಂಡಿತು. ಸೆಪ್ಟೆಂಬರಿನಲ್ಲಿ ಎರಡನೆಯ ಅಲೆ ಎದ್ದಾಗ ಅದು ರೈಲುಗಳ ಜೊತೆ ಸಂಚರಿಸಿತು. ಆ ವರ್ಷ ಮಳೆಯೂ ಕೈಕೊಟ್ಟು ದಖ್ಖನಿನಲ್ಲಿ ಬರ ಬಿದ್ದಿತ್ತು. ಹಸಿದ ಹೊಟ್ಟೆಗಳ ಮೇಲೆ ಜ್ವರ ಎರಗಿತು. ಮುದುಕರು, ಮಕ್ಕಳಷ್ಟೇ ಅಲ್ಲ, ದುಡಿಯುವ ವಯಸ್ಸಿನವರೇ ಹೆಚ್ಚಾಗಿ ಬಲಿಯಾದರು. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿವರೆಗೆ ಎಂಬುದು ವಿದ್ವಾಂಸರ ಅಂದಾಜು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಹಿಂದಿನದಕ್ಕಿಂತ ಇಳಿದಿತ್ತು. ಆಗ ಲಸಿಕೆಯ ಮಾತಿರಲಿ, ರೋಗದ ಮೂಲವೇ ವೈದ್ಯರಿಗೆ ತಿಳಿದಿರಲಿಲ್ಲ.

ಮನುಷ್ಯರಲ್ಲಿ ಫ್ಲೂ ವೈರಾಣು ಪತ್ತೆಯಾದದ್ದು 1933ರಲ್ಲಿ, ಲಂಡನ್ನಿನಲ್ಲಿ. ಅಮೆರಿಕದಲ್ಲಿ ಥಾಮಸ್ ಫ್ರಾನ್ಸಿಸ್, ಜೋನಾಸ್ ಸಾಕ್ ಮೊದಲಾದವರು ಸಿದ್ಧಪಡಿಸಿದ ಲಸಿಕೆ 1945ರಲ್ಲಿ ಬಳಕೆಗೆ ಬಂತು. ಆದರೆ ಎರಡೇ ವರ್ಷಕ್ಕೆ, 1947ರಲ್ಲಿ, ಅದು ನಿಷ್ಫಲವಾಯಿತು. ವೈರಾಣು ವೇಷ ಬದಲಿಸಿತ್ತು! ವೇಷ ತೀರಾ ಹೊಸದಾದರೆ ಏನಾಗುತ್ತದೆಂಬುದನ್ನು 1957ರ 'ಏಷ್ಯನ್ ಫ್ಲೂ' ತೋರಿಸಿತು. ಅದು ಸಿಂಗಪುರದ ಕಡೆಯಿಂದ ಹಡಗಿನಲ್ಲಿ ಮದರಾಸಿಗೆ ಬಂತು. 2009ರ ಎಚ್1ಎನ್1 ವಿಮಾನ ಹತ್ತಿ ಬಂತು. ಮರುವರ್ಷ ಭಾರತದ ಕಂಪನಿಗಳೇ ಅದಕ್ಕೆ ಲಸಿಕೆ ತಂದವು.

ಈ ಬಹುರೂಪಿಯ ಬೆನ್ನು ಹತ್ತಲು ಜಗತ್ತಿನ ನಾನಾ ದೇಶಗಳ ಪ್ರಯೋಗಾಲಯಗಳು ವರ್ಷವಿಡೀ ರೋಗಿಗಳ ಗಂಟಲು, ಮೂಗಿನ ಮಾದರಿ ಪರೀಕ್ಷಿಸುತ್ತವೆ. ಅದರ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ ಯಾವ ತಳಿಗಳ ಲಸಿಕೆ ಬೇಕೆಂದು ಸೂಚಿಸುತ್ತದೆ. ಹೋದ ವರ್ಷದ ಸೂಜಿ ಈ ವರ್ಷಕ್ಕೆ ಸಾಲದಿರಲು ಇದೇ ಕಾರಣ. ಜೊತೆಗೆ ದೇಹದಲ್ಲಿ ಅದರ ಬಲವೂ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕಾದ್ದರಿಂದ ಜ್ವರ ಹಬ್ಬುವ ಮೊದಲೇ ಹಾಕಿಸಿಕೊಳ್ಳುವುದು ಜಾಣತನ.

ಲಸಿಕೆ ಪಡೆದವರಿಗೆ ಫ್ಲೂ ಬರುವುದೇ ಇಲ್ಲವೆಂದೇನಲ್ಲ. ಬಂದರೂ ಅದು ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಕ್ಕೆ ಎರವಾಗುವ ಸಂಭವ ಕಡಿಮೆ. ಆದರೆ ಮಕ್ಕಳಿಗೆ ಸರಕಾರ ಪುಕ್ಕಟೆಯಾಗಿ ಹಾಕುವ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಹೆಚ್ಚಿನವರು ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ನಾಟಿಯ ದಿನಗಳಲ್ಲಿ ಕೂಲಿ ಬಿಟ್ಟು ಬಳ್ಳಾರಿಯ ಬಸ್ಸು ಹತ್ತುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ದಾಕು ಹಾಕುವವರು ಊರೂರಿಗೆ ನಡೆದು ಹೋದದ್ದರಿಂದಲೇ ಸಿಡುಬು ಸೋತಿತು. ಫ್ಲೂ ಲಸಿಕೆ ಇನ್ನೂ ಹಾಗೆ ನಡೆದು ಬಂದಿಲ್ಲ.